ಅಪ್ಪ ಕೊರೆದ ಕಿಟಕಿ

ಎರಡು ವರ್ಷದಿಂದ ಇಪ್ಪತ್ತೊಂಬತ್ತರಲ್ಲೇ ಠಿಕಾಣಿ ಹೂಡಿದ್ದ ಸಂಖ್ಯೆ ಸೋಮವಾರ ಏಕಾಏಕಿ 31.8ಕ್ಕೆ ನೆಗೆದಿತ್ತು. ಅವಳ ಸೌರಕೋಶದ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಅಷ್ಟು ಪಾಲು ವಿದ್ಯುತ್ತಾಯಿತು ಎಂದರ್ಥ. ಕೆಳಗೆ ಸಿಲಿಕಾನ್, ಮೇಲೆ ಅವಳೇ ಬಳಿದ ತೆಳು ಪದರ. ನೀಲಿ ಬೆಳಕು ಮೇಲಿನದಕ್ಕೆ, ಕೆಂಪು ಕೆಳಗಿನದಕ್ಕೆ. ಮೂವತ್ತು ಮುಟ್ಟಿದರೆ ಯೋಜನೆ ಇನ್ನೂ ಮೂರು ವರ್ಷ, ಅವಳ ಕೆಲಸವೂ ಅಷ್ಟೇ. ಇಲ್ಲದಿದ್ದರೆ ಈ ತಿಂಗಳಿಗೆ ಎರಡಕ್ಕೂ ಮಂಗಳ. ಪ್ರಯೋಗಾಲಯದ ಮುಖ್ಯಸ್ಥರ ಕಾಲು ನೆಲದ ಮೇಲಿರಲಿಲ್ಲ. ಇಂದು ನಾಲ್ಕು ಗಂಟೆಗೆ ವರದಿ ಹೋಗಬೇಕಿತ್ತು.

ಅವಳಿಗೆ ಮಾತ್ರ ನಂಬಿಕೆ ಬರಲಿಲ್ಲ. ತಾನು ಪದರದಲ್ಲಿ ಬದಲಿಸಿದ್ದು ಎಳ್ಳಷ್ಟು. ಇಷ್ಟು ದೊಡ್ಡ ನೆಗೆತ ಎಲ್ಲಿಂದ ಬಂತು? ದೀಪ ನೋಡಿದಳು, ತಂತಿ ನೋಡಿದಳು, ಎಲ್ಲ ಸರಿಯಾಗಿತ್ತು. ಉಳಿದದ್ದು ಕೋಶದ ಮೇಲಿಡುವ ತಗಡು. ಅದರ ನಡುವೆ ಹತ್ತು ಮಿಲಿಮೀಟರಿನ ಚೌಕ ಕಿಟಕಿ. ಅದರಿಂದ ಇಳಿದ ಬೆಳಕಷ್ಟೇ ಲೆಕ್ಕಕ್ಕೆ. ಹಳೆಯದು ಬಾಗಿತ್ತೆಂದು ಹೋದ ವಾರ ಹೊಸದನ್ನು ಅಪ್ಪನಿಂದ ಮಾಡಿಸಿದ್ದಳು. ಅಪ್ಪ ನಲವತ್ತು ವರ್ಷ ಲೇತ್ ಮುಂದೆ ನಿಂತ ಮನುಷ್ಯ. ಅವನ ಅಳತೆಯನ್ನು ಮತ್ತೆ ಅಳೆಯುವ ಅಭ್ಯಾಸ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವಳೂ ಅಳೆದಿರಲಿಲ್ಲ.

ತಗಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಹತ್ತಲ್ಲ, 10.3. ಹೆಚ್ಚು ಬೆಳಕು ಒಳಗಿಳಿದಿತ್ತು, ಲೆಕ್ಕ ಮಾತ್ರ ಹತ್ತರದ್ದು. ಲೆಕ್ಕ ತಿದ್ದಿದಳು: 29.97. ಮೂವತ್ತಕ್ಕೆ ಪೂರಾ ಒಂದು ಅಂಕ ಕಡಿಮೆಯಾಗಿದ್ದರೂ ತಡೆದುಕೊಳ್ಳುತ್ತಿದ್ದಳು. ಈ ಕೂದಲೆಳೆ ಹೊಟ್ಟೆ ಉರಿಸಿತು.

ಮೂವತ್ತು ಎಂದೇ ಬರೆದರೆ ಯಾರು ಕೇಳುತ್ತಾರೆ ಅಂತ ಅರ್ಧ ಗಂಟೆ ತನ್ನನ್ನೇ ಪುಸಲಾಯಿಸಿಕೊಂಡಳು. ಕೊನೆಗೆ ಇದ್ದದ್ದನ್ನೇ ಬರೆದು ಮುಖ್ಯಸ್ಥರ ಮುಂದಿಟ್ಟಳು. ಅವರು ಸಂಖ್ಯೆಯ ಮೇಲೆ ಬೆರಳಿಟ್ಟು ಓದಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಾಗಾದರೆ ಇಲ್ಲಿಗೆ ಮುಗಿಯಿತು ಎಂದಷ್ಟೇ ಹೇಳಿ ಸಹಿ ಹಾಕಿದರು.

ಹೊರಗೆ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನು ಮಾಡಿದಳು. ಕಿಟಕಿ ಸ್ವಲ್ಪ ದೊಡ್ಡದಾಗಿದೆ ಎಂದಳು, ಅಷ್ಟೇ.

"ಹತ್ತೇ ಕೊರೆದಿದ್ದೆ ಮಗಳೇ," ಎಂದ ಅಪ್ಪ. "ಅಂಚು ನಿನ್ನ ಕೈಗೆ ಚುಚ್ಚುತ್ತೆ ಅಂತ ಆಮೇಲೆ ಅರದಲ್ಲಿ ಒಂಚೂರು ಉಜ್ಜಿದೆ."

ಅವಳು ಚೀಲದಿಂದ ತಗಡು ತೆಗೆದು ಅಂಚಿನ ಮೇಲೆ ಬೆರಳಾಡಿಸಿದಳು. ಅಪ್ಪನೇ ಮುಂದುವರಿಸಿದ.

"ಇನ್ನೊಂದು ಮಾಡಿಕೊಡ್ತೀನಿ. ಈ ಸಲ ಚುಚ್ಚಿದ್ರೆ ಚುಚ್ಚಲಿ."

"ಮಾಡಪ್ಪ," ಎಂದಳು. ಅದನ್ನಿಡಲು ಇನ್ನು ಕೋಶವಿಲ್ಲ ಎನ್ನಲು ಬಾಯಿ ಬರಲಿಲ್ಲ.