ಹೆಲ್ಮೆಟ್ಟಿನೊಳಗಿನ ಮುಖ

ತಿಂಗಳಿಗೊಮ್ಮೆ ಈರೋಡಿನ ಲಾಡ್ಜೊಂದಕ್ಕೆ ಬರುವ ಗುಪ್ತರೋಗದ ವೈದ್ಯರ ಕೋಣೆಯ ಮುಂದೆ ಗಂಡಸರೆಲ್ಲ ಗುರುತು ಸಿಗದಿರಲೆಂದು ಹೆಲ್ಮೆಟ್ ಹಾಕಿಕೊಂಡೇ ಕೂರುತ್ತಾರೆ. ಇಳವರಸನೂ ಹಾಗೇ ಕೂತಿದ್ದ. ಮದುವೆಯಾಗಿ ಐದು ತಿಂಗಳಾಗಿತ್ತು; ಹೆಂಡತಿಯನ್ನು ಸೇರುವಷ್ಟರಲ್ಲೇ ಅವನದು ಮುಗಿದುಹೋಗುತ್ತಿತ್ತು.

"ನರ ಒಣಗಿದೆ ತಂಬಿ. ಲೇಹ್ಯ ತಿನ್ನದಿದ್ರೆ ಸಂಸಾರ ಉಳಿಯಲ್ಲ," ಎಂದರು ವೈದ್ಯರು.

ಆ ಮಾತಿಗೆ ಹೆದರಿ, ಲೇಹ್ಯವನ್ನೂ ಕೊಳ್ಳದೆ ಸರ್ಕಾರಿ ಆಸ್ಪತ್ರೆಗೆ ಓಡಿದ. ಡಾಕ್ಟರು ಮೊದಲು ಹೆಲ್ಮೆಟ್ ತೆಗೆಸಿದರು.

"ನರ ಗಿರ ಏನೂ ಒಣಗಿಲ್ಲ. ಎಷ್ಟೋ ಜನಕ್ಕೆ ಇರೋದೇ. ಮಾತ್ರೆ ಇದೆ, ನಡುನಡುವೆ ನಿಲ್ಲಿಸಿ ತಡೆದುಕೊಳ್ಳೋ ಅಭ್ಯಾಸ ಇದೆ. ಆದ್ರೆ ಮನೆಯವರಿಗೆ ಹೇಳ್ಬೇಕು. ಅವರಿಲ್ದೆ ಆ ಅಭ್ಯಾಸ ಆಗಲ್ಲ."

ಈಗ ಅವನಿಗೆ ನಿಜವಾದ ಹೆದರಿಕೆ ಶುರುವಾಯಿತು. ಹಾಳು ಲೇಹ್ಯವನ್ನಾದರೆ ಬಚ್ಚಿಟ್ಟು ತಿನ್ನಬಹುದಿತ್ತು. ಮನೆಗೆ ಬಂದವನು ಹೆಲ್ಮೆಟ್ ತೆಗೆಯದೆಯೇ, ತೊದಲುತ್ತ, ಹೆಂಡತಿ ತೇನ್ಮೊಳಿಗೆ ಎಲ್ಲ ಹೇಳಿಬಿಟ್ಟ.

ಅವಳು ಗೋಡೆಗೊರಗಿ ಕೂತಳು.

"ನಾನು ನಿಮಗೆ ಹಿಡಿಸ್ಲಿಲ್ಲ, ಅದಕ್ಕೇ ಬೇಗ ಮುಗಿಸಿ ಆ ಕಡೆ ತಿರುಗ್ತೀರ ಅಂದ್ಕೊಂಡಿದ್ದೆ ಮಾಮ," ಎಂದಳು. "ಯಾವತ್ತು ತವರಿಗೆ ಅಟ್ತೀರೋ ಅಂತ ಐದು ತಿಂಗಳಿಂದ ಹೆದರ್ಕೊಂಡೇ ಮಲಗ್ತಿದ್ದೀನಿ."