ಹಿಟ್ಟು ಆರುವ ತನಕ

ಸಿಂಗಾಪುರವೆಂಬ ಹಳ್ಳಿಗೆ ಕರೆಂಟು ಬಂದ ವರ್ಷವೇ ಮುನಿಯಲ್ಲಮ್ಮ ರಸ್ತೆ ಬದಿಯ ಗಾಡಿ ಕೊಟ್ಟಿಗೆಯಲ್ಲಿ ರಾಗಿ ಮಿಷನ್ ಹಾಕಿಸಿದಳು. ಗಂಡ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಆ ಕೊಟ್ಟಿಗೆಯೊಂದೇ. ಅದೂ ಬರೀ ಬಾಯಿಮಾತಿನಲ್ಲಿ. ಮನೆಯ ಯಜಮಾನಿಕೆಯೆಲ್ಲ ಭಾವ ಮುನಿಆಂಜಿನಪ್ಪನದು.

ಮಿಷನ್ ಬಂತು, ರಾಗಿ ಬರಲಿಲ್ಲ. ಸದ್ದಿಗೆ ಬೀದಿ ನಾಯಿಗಳು ಊರಾಚೆ ಓಡಿದವು, ಅಷ್ಟೇ.

"ಯಾರವ್ವ ಇದನ್ನ ಕೇಳಿದ್ರು?" ಎಂದ ಭಾವ. "ಒಬ್ಳಾದ್ರೂ ಬಂದು, ಕೈ ನೋಯ್ತದೆ, ಮಿಷನ್ ತರ್ಸು ಅಂದ್ಲಾ? ಮನೆಮನೇಲೂ ಬೀಸೋ ಕಲ್ಲೈತೆ. ಸಂಕ್ರಾಂತಿ ಗಂಟ ನೋಡ್ತೀನಿ. ಆಮೇಕೆ ನನ್ನೆತ್ತು ಇಲ್ಲೇ ಕಟ್ಟೋದು."

"ಸಂಕ್ರಾಂತಿ ಬರ್ಲಿ ಬುಡಿ ಭಾವ."

ಊರಿನ ಅತ್ತೆಯರೆಲ್ಲ ಒಂದೇ ಮಾತು ಹಿಡಿದಿದ್ದರು: ಮಿಷನ್ ಹಿಟ್ಟು ಸುಡುತ್ತದೆ, ಮುದ್ದೆ ಗಂಟಾಗುತ್ತದೆ. ಹೊಟ್ಟೆಕಿಚ್ಚಿನ ಮಾತಿರಬೇಕು ಎಂದುಕೊಂಡು ಮುನಿಯಲ್ಲಮ್ಮ ತಾನೇ ಮುದ್ದೆ ಮಾಡಿ ನೋಡಿದಳು. ಗಂಟುಗಂಟಾಯಿತು. ಅತ್ತೆಯರ ಮಾತು ನಿಜವೇ.

ಅವಳೇನು ಅಳುತ್ತ ಕೂರಲಿಲ್ಲ. ಬಿಸಿ ಹಿಟ್ಟನ್ನು ಹಾಗೇ ಬಟ್ಟೆಯಲ್ಲಿ ಕಟ್ಟಿದ್ದಳಲ್ಲ, ಬಿಚ್ಚಿದರೆ ಬಟ್ಟೆ ಒಳಗೆಲ್ಲ ಬೆವೆತಿತ್ತು. ಮತ್ತೆ ಮಿಷನ್ನಲ್ಲೇ ಬೀಸಿ, ಈ ಸಲ ಕೊಟ್ಟಿಗೆ ಮುಂದಿನ ಹೊಂಗೆ ನೆರಳಲ್ಲಿ ಚಾಪೆ ಹಾಸಿ ಹರವಿದಳು. ತಣ್ಣಗಾದ ಮೇಲೆ ತೊಳಸಿದ ಮುದ್ದೆ ನುಣ್ಣಗೆ ಎದ್ದಿತು. ಅದನ್ನು ಅವರೆಕಾಳಿನ ಸಾರಿನ ಜೊತೆ ಊರಿಗೆಲ್ಲ ಜೋರಿನ ಅತ್ತೆ ಬೈರಮ್ಮನ ಮುಂದೆ ಇಟ್ಟಳು.

ಬೈರಮ್ಮ ನುಂಗಿದಳು. ಇನ್ನೊಂದು ತುತ್ತು ಮುರಿದಳು. "ಚೆನ್ನಾಗ್ ಬೀಸಿದೀಯ ಕಣೆ. ಕೈಲಿ ಕಸುವೈತೆ."

"ನಂದಲ್ಲತ್ತೆ, ಮಿಷನ್ದು. ಆರ್ಸಿದ್ದಷ್ಟೇ ನಾನು."

ಬೈರಮ್ಮ ದುರುಗುಟ್ಟಿ ನೋಡಿದಳು. ತಟ್ಟೆ ಮಾತ್ರ ಬಿಡಲಿಲ್ಲ. ಮಾರನೆಯ ದಿನ ಸೊಸೆಯ ತಲೆ ಮೇಲೆ ರಾಗಿ ಹೊರಿಸಿ ಕಳಿಸಿದಳು. ಬೀದಿಗೆಲ್ಲ ಕೇಳುವಂತೆ ಕೂಗಿಯೂ ಹೇಳಿದಳು: "ಇಟ್ಟು ಪೂರಾ ಆರೋಗಂಟ ಮನೆ ಕಡೆ ತಲೆ ಆಕ್ಬೇಡ!"

ಆ ಹುಡುಗಿ ಹಿಟ್ಟು ಹರವಿ, ಹೊಂಗೆ ಬುಡಕ್ಕೆ ಒರಗಿ ಕಾಲು ಚಾಚಿದಳು. ಮದುವೆಯಾಗಿ ಬಂದ ಮೇಲೆ ಹಗಲು ಹೊತ್ತಲ್ಲಿ ಅವಳು ಹಾಗೆ ಕೂತದ್ದು ಅದೇ ಮೊದಲು. ಮುನಿಯಲ್ಲಮ್ಮ ನೋಡಿದಳು. ಇನ್ನೆರಡು ಚಾಪೆ ತಂದು ಹಾಸಿದಳು.

ಸುದ್ದಿ ಸೊಸೆಯರ ಬಾಯಿಂದ ಬಾಯಿಗೆ ಹೋಯಿತು. ಸಂಕ್ರಾಂತಿ ಹೊತ್ತಿಗೆ ನೆರಳು ಸಾಲದಾಯಿತು.

ಹಬ್ಬದ ಮಾರನೆಯ ದಿನ ಮುನಿಆಂಜಿನಪ್ಪ ಬಣ್ಣ ಬಳಿದ ಕೊಂಬಿನ ಎತ್ತುಗಳನ್ನು ಹಿಡಿದುಕೊಂಡೇ ಬಂದ. ಹೊಂಗೆ ಕೆಳಗೆ ಹೆಂಗಸರು ಅವರೆಕಾಯಿ ಸುಲಿಯುತ್ತ ನಗುತ್ತಿದ್ದರು. ನಡುವೆ ಕಾಲು ಚಾಚಿ ಕೂತಿದ್ದವಳು ಅವನದೇ ಹೆಂಡತಿ ಗೋಪಾಲಮ್ಮ.

"ಏಳೇ, ಮನೆಗೆ ನಡಿ."

"ಇಟ್ಟು ಆರ್ಬೇಕಲ್ಲ."

ಅವನು ಬಗ್ಗಿ ಅವಳ ಹಿಟ್ಟಿನೊಳಗೆ ಬೆರಳಿಟ್ಟ. ಯಾವಾಗಲೋ ತಣ್ಣಗಾಗಿತ್ತು.

"ಆರೈತಲ್ಲೇ!"

"ಇನ್ನೂ ಬಿಸಿ ಐತೆ," ಎಂದಳು ಗೋಪಾಲಮ್ಮ, ಅವನ ಮುಖವನ್ನೇ ನೋಡುತ್ತ. ನಗು ನಿಂತಿತ್ತು. ಅಷ್ಟೂ ಹೆಂಗಸರು ಅವನನ್ನೇ ನೋಡುತ್ತಿದ್ದರು.

ಮುನಿಆಂಜಿನಪ್ಪ ಕೊಟ್ಟಿಗೆಯತ್ತ ತಿರುಗಿದ. "ಯಾರೂ ಕೇಳಿರ್ಲಿಲ್ವಲ್ಲವ್ವ ಇದನ್ನ," ಎಂದ, ಸೋತ ದನಿಯಲ್ಲಿ.

"ಕೂತ್ಕೋತೀನಿ ಅಂತ ಯಾವ್ ಸೊಸೆ ಕೇಳ್ತಾಳೆ ಭಾವ?"

ಅವನು ಎತ್ತುಗಳನ್ನು ಹಿಂದಕ್ಕೆ ಹೊಡೆದುಕೊಂಡು ಹೋದ. ಮುನಿಯಲ್ಲಮ್ಮ ಮುಂದಿನವಳ ರಾಗಿಯನ್ನು ಮಿಷನ್ನಿಗೆ ಸುರಿದಳು.