ಮೈ ನೆನೆಯದ ಈಜು

ಈಜುಕೊಳಕ್ಕೆ ಕೋಟು ಹಾಕಿಕೊಂಡು ಹೋಗುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಾನು ಅಂಥವರ ಜೊತೆ ಬಾಳಿದ್ದೇನೆ. ನಮ್ಮ ಯಜಮಾನರು ದರ್ಜಿ. ತಾವೇ ಹೊಲಿದುಕೊಂಡ ಬೂದು ಕೋಟು, ಕತ್ತಿನವರೆಗೆ ಗುಂಡಿ, ಹೆಗಲ ಮೇಲೆ ಮಡಿಸಿದ ಟವೆಲು. ರಜೆಯ ದಿನ ಬೆಳಿಗ್ಗೆ ಹೀಗೆ ಹೊರಟರೆಂದರೆ ಎದುರು ಮನೆಯವರು ಬೇಕೆಂದೇ ಬಾಗಿಲಿಗೆ ಬಂದು ಕೇಳುವರು, “ಏನ್ ಟೈಲರ್ರೇ, ಇವತ್ತಾದ್ರೂ ನೆನೀತೀರಾ?” ಇವರು “ನೋಡೋಣ, ನೋಡೋಣ” ಎನ್ನುತ್ತಾ ಬಲಗಾಲನ್ನು ಒತ್ತಿ ಒತ್ತಿ ಇಡುತ್ತಾ ಹೋಗುವರು. ಹೊಲಿಗೆ ಯಂತ್ರ ತುಳಿದೂ ತುಳಿದೂ ಆ ಕಾಲು ಬೀದಿಯನ್ನೂ ತುಳಿಯುತ್ತಿತ್ತು. ಟವೆಲು ಒಣಗಿದ್ದು ಒಣಗಿದ ಹಾಗೇ ಮನೆಗೆ ಬರುವುದು.

ಕೊಳದ ಮೇಲಿನ ಮೆಟ್ಟಿಲು ಅವರದು. ಕೂತರೂ ಅವರು ಸುಮ್ಮನೆ ಕೂತವರಲ್ಲ. ಯಾರಾದರೂ ತಲೆ ಮುಳುಗಿಸಿದರೆ ಇವರು ಉಸಿರು ಹಿಡಿಯುವರು, ಅವರು ಮೇಲೆ ಬಂದರೆ ಇವರು ಬಿಡುವರು. ನಾನೂ ಜೊತೆಗೆ ಹೋಗಿದ್ದ ಒಂದು ದಿನ ಯಾವಳೋ ಹುಡುಗಿ ಈ ದಡದಿಂದ ಆ ದಡಕ್ಕೆ ನೀರೊಳಗೇ ಹೋದಳು. ಇವರ ಮುಖ ಬದನೆಕಾಯಿಯಾಯಿತು. “ಉಸಿರು ಬಿಡ್ರೀ, ಸಾಯ್ತೀರ!” ಎಂದು ಬೆನ್ನಿಗೆ ಗುದ್ದಿದೆ. ಹುಡುಗಿ ತಲೆ ಎತ್ತುವವರೆಗೆ ಬಿಡಲಿಲ್ಲ. ಆಮೇಲೆ ಏದುತ್ತಾ, “ದಾಟಿದ್ವಿ ಕಣೇ” ಎಂದರು. ದಾಟಿದ್ವಂತೆ! ಮನೆಗೆ ಬಂದ ಮೇಲೆ ಕೊಳವೆಲ್ಲ ಈಜಿ ಬಂದವರಷ್ಟು ಹಸಿವು, ತೋಳು ನೋವು ಬೇರೆ. “ಗುಂಡಿಗೆ ಕಾಜ ಹಾಕಿ ಹಾಕಿ ನನ್ನ ಬೆರಳು ಸತ್ತು ಹೋಗಿವೆ, ಈಜದವರ ತೋಳು ಬೇರೆ ಒತ್ಬೇಕಾ?” ಎಂದು ಬಯ್ಯುತ್ತಲೇ ಒತ್ತುತ್ತಿದ್ದೆ.

ಜನಕ್ಕೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ನೀರಿಗಿಳಿಯದೆ ಈಜು ಬಂದೀತೇ ಎಂಬ ಗಾದೆಯನ್ನು ಪ್ರತಿಯೊಬ್ಬರೂ ತಾವೇ ಹೆತ್ತವರ ಹಾಗೆ ಹೇಳುವರು. ಈಜು ಬರಲಿ ಎಂದು ಇವರು ಯಾರ ಮುಂದೆ ಅತ್ತಿದ್ದರು? ಹುಟ್ಟಿದಾಗಿನಿಂದ ಸೌಟು ಹಿಡಿಯದ ಗಂಡಸರು ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ತೀರ್ಪು ಕೊಡುತ್ತಾರೆ, ಚಪ್ಪರಿಸಿ ಉಣ್ಣುತ್ತಾರೆ. ಅವರನ್ನು ಯಾರೂ ಒಲೆಯ ಮುಂದೆ ಎಳೆದು ಕೂರಿಸುವುದಿಲ್ಲ. ಹಾಡು ಕೇಳಿ ತಲೆದೂಗುವವನಿಗೆ ನೀನೇ ಹಾಡು ಎನ್ನುವುದಿಲ್ಲ. ನಮ್ಮ ಯಜಮಾನರೊಬ್ಬರು ಮಾತ್ರ ಎಲ್ಲರ ಕಣ್ಣಿಗೂ ಅರ್ಧ ಮನುಷ್ಯ.

ನಾನೂ ಒಮ್ಮೆ ಕೇಳಿದ್ದೆ, “ನೀರಂದ್ರೆ ಹೆದರಿಕೆನಾ ನಿಮಗೆ?” ಅವರು ಸಿಟ್ಟಾಗಲಿಲ್ಲ. ಯಂತ್ರ ನಿಲ್ಲಿಸಿದರು.

“ಹೆದರಿಕೆ ಯಾಕೆ? ಚಿಕ್ಕವನಿದ್ದಾಗ ಈಜಿದ್ದೀನಿ. ಒಳಗೆ ಹೋದ್ರೆ ಕಣ್ಣು ಮೂಗಿಗೆಲ್ಲ ನೀರು, ಏನೂ ಕಾಣ್ಸಲ್ಲ. ನಾನೊಬ್ನೇ ಈಜ್ತಿರ್ತೀನಿ. ಮೆಟ್ಟಿಲ ಮೇಲೆ ಕೂತ್ರೆ ಅಷ್ಟೂ ಜನ ಈಜ್ತೀವಿ.”

ಮತ್ತೆ ತುಳಿಯತೊಡಗಿದರು. ನಾನು ಮತ್ತೆಂದೂ ಕೇಳಲಿಲ್ಲ.

ಅವರು ಹೋದದ್ದು ಅಂಗಡಿಯಲ್ಲಿ, ಎದೆನೋವಿನಿಂದ, ಯಾರದೋ ಅರ್ಧ ಹೊಲಿದ ಕೋಟಿನ ಮೇಲೆ ತಲೆಯಿಟ್ಟು. ನನ್ನ ಕಣ್ಣೀರು ಇನ್ನೂ ಆರದಿರುವಾಗಲೇ ಕೊಳದಲ್ಲಿ ಈಜು ಕಲಿಸುವ ಮೇಷ್ಟ್ರು ಮನೆಗೆ ಬಂದರು. ಕೆಟ್ಟವರಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಮೆಲ್ಲಗೆ ಮಾತು ತೆಗೆದರು.

“ಅಮ್ಮಾ, ನೀರಿಗೆ ಹೆದರೋರಿಗೆ ಅಂತ ಒಂದು ತರಗತಿ ಶುರು ಮಾಡ್ತಿದ್ದೀವಿ, ಟೈಲರ್ ಹೆಸರಲ್ಲಿ. ಗೋಡೆ ಮೇಲೆ ಅವರ ಫೋಟೋ, ಕೆಳಗೆ ಎರಡು ಮಾತು. ಪಾಪ, ಇಷ್ಟು ವರ್ಷ ಬಂದ್ರು, ಒಂದ್ಸಲವೂ ಧೈರ್ಯ ಬರ್ಲಿಲ್ಲ. ಅವರ ಆಸೆ ಇನ್ನೊಬ್ಬರಲ್ಲಾದ್ರೂ ತೀರ್ಲಿ.”

“ಯಾವ ಆಸೆ?” ಎಂದೆ.

“ಈಜೋ ಆಸೆ.”

“ಅದು ಅವರಿಗಿರ್ಲಿಲ್ಲ.”

“ಮತ್ತೆ ಯಾಕೆ ಬರ್ತಿದ್ರು?”

“ನೋಡೋಕೆ.”

“ಬರೀ ನೋಡೋಕಾ ಅಮ್ಮಾ?” ಎಂದು ಮೇಷ್ಟ್ರು ನಕ್ಕರು, ಸಾವಿನ ಮನೆಯಲ್ಲಿ ನಗುವಷ್ಟೇ ನಕ್ಕರು. ಆ ‘ಬರೀ’ ಇದೆಯಲ್ಲ, ಅದು ನನಗೆ ಸೂಜಿ ಮುರಿದು ಬೆರಳೊಳಗೆ ಉಳಿದ ಹಾಗಾಯಿತು.

ಒಳಗಿದ್ದ ನಾದಿನಿ ಬಂದು ನನ್ನ ಕೈ ಹಿಡಿದಳು. “ಹಟ ಮಾಡ್ಬೇಡ ಅತ್ತಿಗೆ. ಅಣ್ಣನಿಗೆ ಮಕ್ಕಳಿಲ್ಲ ಮರಿಯಿಲ್ಲ. ಅಂಗಡಿ ಬೋರ್ಡೂ ಇಳಿಸಾಯ್ತು. ಆ ಗೋಡೆ ಮೇಲಾದ್ರೂ ಹೆಸರು ಉಳೀಲಿ.”

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಕಣ್ಣು ಮುಚ್ಚಿದರೆ ಅವರ ಹೆಸರು ಹಿಡಿದು ಕರೆಯುವವರು ಯಾರಿದ್ದಾರೆ? ಎದ್ದು ಹೋಗಿ ಪೆಟ್ಟಿಗೆಯಿಂದ ಫೋಟೋ ತಂದೆ. ಕೊಡಲೆಂದೇ ತಂದೆ. ಕೊಡುವ ಮೊದಲು ಮುಖ ನೋಡಿದೆ. ಈ ಮುಖದ ಕೆಳಗೆ ಹೆದರುಪುಕ್ಕಲ ಎಂದು ಒಳ್ಳೆಯ ಅಕ್ಷರದಲ್ಲಿ ಬರೆಯುತ್ತಾರೆ. ಬಂದಬಂದವರು ಓದಿ, ಅಯ್ಯೋ ಪಾಪ ಎಂದು, ಚಡ್ಡಿ ಸರಿಮಾಡಿಕೊಂಡು ನೀರಿಗೆ ಹಾರುತ್ತಾರೆ. ಇದ್ದಷ್ಟು ದಿನ ಸುಖಪಟ್ಟ ಮನುಷ್ಯನಿಗೆ ಸತ್ತ ಮೇಲೆ ಈ ಜನ ದುಃಖ ಹೊಲಿದು ತೊಡಿಸುತ್ತಾರೆ, ಅಳತೆಯನ್ನೂ ತೆಗೆದುಕೊಳ್ಳದೆ.

“ಹಾಕೋದಾದ್ರೆ, ನೋಡಿ ಸಂತೋಷಪಡ್ತಿದ್ರು ಅಂತ ಹಾಕಿ” ಎಂದೆ.

ಮೇಷ್ಟ್ರು ತಲೆ ಕೆರೆದುಕೊಂಡರು. “ಈಜು ಕಲಿಸೋ ಜಾಗದಲ್ಲಿ ಹಾಗೆ ಹಾಕಿದ್ರೆ ಜನ ನಗ್ತಾರಮ್ಮ.”

“ಹಾಗಾದ್ರೆ ಹೆಸರೂ ಬೇಡ, ಫೋಟೋನೂ ಬೇಡ. ನಿಜವಾಗಿ ಹೆದರೋರು ನಿಮಗೆ ಬೇಕಾದಷ್ಟು ಸಿಕ್ತಾರೆ, ಅವರದ್ದು ಹಾಕ್ಕೊಳ್ಳಿ.”

ಅವರು ಎದ್ದು ಹೋದರು. ನಾದಿನಿ ನನ್ನ ಜೊತೆ ಮಾತು ಬಿಟ್ಟಳು. ತರಗತಿ ಬೇರೆ ಯಾರದೋ ಹೆಸರಲ್ಲಿ ಶುರುವಾಯಿತಂತೆ. ನಮ್ಮವರ ಹೆಸರು ಈಗ ಎಲ್ಲಿಯೂ ಇಲ್ಲ. ಅದರ ಸಂಕಟ ನನಗಿಲ್ಲ ಎಂದರೆ ನಾಲಗೆ ಬಿದ್ದು ಹೋದೀತು.

ಮಾಡಿ ಗೆದ್ದವರಿಗೆ ಈ ಲೋಕ ಹಾರ ಹಾಕುತ್ತದೆ, ಮಾಡಲಾರದವರ ತಲೆ ಸವರುತ್ತದೆ. ಮಾಡುವುದೇ ಬೇಡ, ಕಂಡರೆ ಸಾಕು ಎನ್ನುವವರು ಎದುರಿಗೆ ಬಂದರೆ ಮಾತ್ರ ಅದಕ್ಕೆ ದಿಕ್ಕು ತೋಚುವುದಿಲ್ಲ. ಆಗ ಅವರನ್ನು ಹೇಡಿ ಎನ್ನುತ್ತದೆ, ಸೋಮಾರಿ ಎನ್ನುತ್ತದೆ, ಸತ್ತ ಮೇಲೆ ಪಾಪ ಎನ್ನುತ್ತದೆ. ಆ ಜಾತಿಯ ಮನುಷ್ಯರು ಇನ್ನೊಬ್ಬರ ಗೆಲುವಿಗೆ ಹೊಟ್ಟೆ ಉರಿದುಕೊಂಡದ್ದನ್ನು ನಾನು ಕಂಡಿಲ್ಲ. ಊರವರ ಮೈಯಲ್ಲಿರುವ ಸುಖ, ಯಾರಿಗೂ ಒಂದು ಹನಿ ಕಡಿಮೆಯಾಗದ ಹಾಗೆ, ಅವರಿಗೂ ಸೇರುತ್ತದೆ. ಅವರನ್ನು ಪಾಪ ಎನ್ನಬೇಡಿ. ಅನ್ನಲೇಬೇಕೆಂದಿದ್ದರೆ, ಅಂಥ ಕಣ್ಣು ಮುಚ್ಚಿಹೋದ ಮೇಲೂ, ನೋಡಿ ಸಂತೋಷಪಡುವವರಿಲ್ಲದೆ ಮಾಡುತ್ತಲೇ ಇರುವವರನ್ನು ಅನ್ನಿ.